ಗೆಳೆಯನಿಗೊಂದು ಪತ್ರ: ಚುಕ್ಕಿ ಹಿಡಿದು ಕ್ಯಾತ್ಸಂದ್ರಕ್ಕೆ

ತುಮಕೂರು
ಸಂಕ್ರಾಂತಿ ಮಾರನೇ ದಿನ

ಲೋ ಗೆಳೆಯ,

ನಿನ್ನ ಫೋಟೋ ಬಂತು. ತಲೆ ಮೇಲೆ ಸಾಂತಾ ಟೋಪಿ, ಕೊರಳಿಗೆ ಮಿಣಮಿಣ ಜರಿ ಹಾರ, ಕಾಲಲ್ಲಿ ಓಡೋ ಶೂ, ಕೈಯಲ್ಲಿ ಬಿಯರ್ ಗ್ಲಾಸು. ನಿಮ್ಮಮ್ಮನಿಗೂ ತೋರಿಸಿದೆ, ಗ್ಲಾಸಿರೋ ಕಡೆ ಹೆಬ್ಬೆರಳು ಮುಚ್ಚಿ. "ಸೊರಗಿಬಿಟ್ಟಿದಾನೆ" ಅಂದ್ರು. ನನಗೇನೋ ಹಾಗೆ ಕಾಣಲಿಲ್ಲ.

ನೀನು ಬರೆದಿದ್ದನ್ನ ಒಂದು ಭಾನುವಾರ ಅಮಾನಿಕೆರೆ ಏರಿ ಮೇಲೆ ನಮ್ಮ ಓಟದ ಗುಂಪಿಗೆ ಓದಿ ಹೇಳಿದೆ. ಇಂಗ್ಲೆಂಡಿನ ಲೀಡ್ಸಲ್ಲಿ ಡಿಸೆಂಬರ್ ಅಂದ್ರೆ ನಾಲ್ಕು ಗಂಟೆಗೆ ಮುಂಚೆನೇ ಸೂರ್ಯ ಮುಳುಗ್ತಾನೆ, ಹಣೆಗೆ ಟಾರ್ಚ್ ಕಟ್ಕೊಂಡು ಓಡ್ತೀವಿ, ದಾರೀಲಿ ಐದು ಪಬ್ಬು, ಒಂದೊಂದರಲ್ಲೂ ಅರ್ಧ ಪೈಂಟು ಅಂತ ಬರೆದಿದ್ಯಲ್ಲ. ಮೇಷ್ಟ್ರು ಅಲ್ಲೇ ಲೆಕ್ಕ ಹಾಕಿದ್ರು. ಪೈಂಟ್ ಅಂದ್ರೆ 568 ಮಿಲಿ, ಅರ್ಧ ಅಂದ್ರೆ 284, ಐದು ಸಲ ಅಂದ್ರೆ ಹತ್ತಿರ ಹತ್ತಿರ ಒಂದೂವರೆ ಲೀಟರ್. "ಅಷ್ಟು ನೀರು ಕುಡಿದೇ ಓಡೋಕಾಗಲ್ಲ ಕಣಯ್ಯ, ಇನ್ನು ಬಿಯರು!" ನಿಮ್ಮ ಕ್ರಿಸ್‌ಮಸ್ ತಿಂಡಿಗೆ ಮಿನ್ಸ್ ಪೈ, ಅಂದ್ರೆ ಕೊಚ್ಚಿದ ಮಾಂಸದ ಕಡುಬು, ಅಂತ ಹೆಸರಿದ್ರೂ ಈಗ ಅದರೊಳಗೆ ಮಾಂಸ ಇರಲ್ಲ, ಒಣದ್ರಾಕ್ಷಿ ಹೂರಣ ಇರುತ್ತೆ ಅಂತ ಓದಿದಾಗ ಮಾತ್ರ ಎಲ್ಲರಿಗೂ ನಿನ್ನ ಮೇಲೆ ಸ್ವಲ್ಪ ನಂಬಿಕೆ ಬಂತು. ಕರ್ಜಿಕಾಯಿ ಜಾತಿಯದೇ ಬಿಡು ಅಂದ್ರು ಬ್ಯಾಂಕಕ್ಕ.

ಒಂದು ಸಾಲು ಮಾತ್ರ ನಾನು ಅವರಿಗೆ ಓದಲಿಲ್ಲ. "ಎಲ್ಲರಿಗಿಂತ ಹಿಂದೆ ಇದ್ದವನು ನಾನೇ, ನಾನು ಬರೋವರೆಗೆ ಯಾರೂ ಗ್ಲಾಸ್ ಎತ್ತಲಿಲ್ಲ" ಅಂತ ಬರೆದಿದೀಯ. ಆರು ವರ್ಷ ಈ ಕೆರೆ ಸುತ್ತ ನಿನ್ನ ಜೊತೆ ಓಡಿದೀನಿ. ನಿನ್ನ ಬೆನ್ನು ಬಿಟ್ರೆ ನಾನೇನೂ ನೋಡಿಲ್ಲ. ನಾನು ಏದುಸಿರು ಬಿಡ್ತಾ ಗೇಟಿಗೆ ಬರೋ ಹೊತ್ತಿಗೆ ನೀನು ಮೈ ಒರೆಸ್ಕೊಂಡು, ಬೈಕ್ ಸ್ಟಾರ್ಟ್ ಮಾಡಿ, "ನಡಿಯೋ ಬೇಗ" ಅಂತ ಹಾರ್ನ್ ಹೊಡೀತಿದ್ದೆ. ಈಗ ನಿನಗೆ ಕಾಯೋರು ಸಿಕ್ಕಿದಾರೆ. ಹೊಟ್ಟೆಕಿಚ್ಚಲ್ಲ ಕಣೋ, ಸುಮ್ನೆ ನೆನಪಿಸ್ದೆ.

ಅದಿರಲಿ. ನಾವೂ ಒಂದು ಹಬ್ಬದ ಓಟ ಮಾಡೋಣ ಅಂತ ಹುಡುಗರು ಗಂಟುಬಿದ್ರು. ಇಬ್ಬರಿಗಂತೂ ಬಿಯರೇ ಆಗಬೇಕಿತ್ತು. ಆದ್ರೆ ನಮ್ಮೂರ ಬಾರ್ ಬಾಗಿಲು ತೆಗೆಯೋ ಹೊತ್ತಿಗೆ ಬಿಸಿಲು ಏರಿರುತ್ತೆ, ಸಂಜೆ ಓಡೋಣ ಅಂದ್ರೆ ಸಂಜೆಯ ಬಿ.ಎಚ್. ರಸ್ತೆಯ ಟ್ರಾಫಿಕ್ಕು ಹೇಗಿರುತ್ತೆ ಅಂತ ನಿನಗೆ ಹೇಳಬೇಕಾ? ಇನ್ನೊಂದು ವಿಷಯ. ನೀನು ಹೇಳೋ ಪಬ್ಬಲ್ಲಿ ಬೆಂಕಿಗೂಡಿನ ಮುಂದೆ ಅಜ್ಜಿ ಕೂತಿರ್ತಾಳೆ, ಮೇಜಿನ ಕೆಳಗೆ ನಾಯಿ ಮಲಗಿರುತ್ತೆ. ನಮ್ಮ ಬಾರು ಅಂದ್ರೆ ಮಬ್ಬು ದೀಪ, ಪರದೆ, ಗಂಡಸರು ಗೋಡೆಗೆ ಮುಖ ಹಾಕಿ ಕೂರೋ ಜಾಗ. ಕುಡಿಯೋದು ತಪ್ಪು ಅಂತ ನಾನೇನೂ ಹೇಳ್ತಿಲ್ಲ, ನಿನಗೇ ಗೊತ್ತಲ್ಲ. ಗುಂಪಲ್ಲಿ ಹದಿನಾಲ್ಕು ಜನ, ಅದರಲ್ಲಿ ಐವರು ಹೆಂಗಸರು. ಐದು ಜನ ಹೊರಗೆ ಫುಟ್‌ಪಾತಲ್ಲಿ ನಿಂತು ಕಾಯೋ ಓಟ ಯಾತಕ್ಕೆ? ಪಬ್ ಅಂದ್ರೆ ಪಬ್ಲಿಕ್ ಹೌಸ್ ತಾನೇ. ನಮ್ಮೂರಲ್ಲಿ ಯಾರು ಬೇಕಾದ್ರೂ ಹೋಗಿ ಕೂತು ಮಾತಾಡೋ ಮನೆ ಅಂದ್ರೆ ಹೋಟ್ಲು. ಅರ್ಧ ಪೈಂಟಿಗೆ ಸಮ ಯಾವುದು ಅಂತ ತಲೆ ಕೆಡಿಸ್ಕೊಳ್ಳೋ ಪ್ರಮೇಯವೇ ಬರಲಿಲ್ಲ. ಒನ್ ಬೈ ಟೂ ಕಾಫಿ. ಹದಿನಾಲ್ಕು ಜನಕ್ಕೆ ಏಳು.

ದಿನ ಗೊತ್ತು ಮಾಡೋದೇ ದೊಡ್ಡ ರಾಮಾಯಣ ಆಯ್ತು. ಸಂಕ್ರಾಂತಿ ದಿನವೇ ಅಂತ ಹುಡುಗರು ಹಿಡಿದ್ರು. "ಹಬ್ಬದ ದಿನ ಓಡೋಕೆ ನಿಮಗೇನ್ರೋ, ಅಡುಗೆಮನೆ ಯಾರು ನೋಡ್ಕೋತಾರೆ?" ಅಂತ ಬ್ಯಾಂಕಕ್ಕ ಕೇಳಿದ ಮೇಲೆ ಹಬ್ಬದ ಹಿಂದಿನ ಭಾನುವಾರ ಅಂತ ಆಯ್ತು. ಧನುರ್ಮಾಸದ ಕೊನೇ ಭಾನುವಾರ. ಅಷ್ಟರಲ್ಲಿ ಮನೆಮನೆಯಲ್ಲಿ ಎಳ್ಳು ಬೆಲ್ಲ ತಯಾರಿರುತ್ತೆ ಅನ್ನೋದು ಅಕ್ಕನ ಲೆಕ್ಕ. ಅವರೇ ತಿಪಟೂರು ಕೊಬ್ಬರಿ ತಂದು, ಕಪ್ಪು ಸಿಪ್ಪೆ ಹೆರೆದು, ಎರಡು ರಾತ್ರಿ ಕೂತು ಸಣ್ಣಗೆ ಹೆಚ್ಚಿ, ಹದಿನಾಲ್ಕು ಪೊಟ್ಟಣ ಕಟ್ಟಿದ್ರು.

ನೀನು ಹೋದ ಪತ್ರದಲ್ಲಿ ಹ್ಯಾಶ್ ಹೌಸ್ ಹ್ಯಾರಿಯರ್ಸ್ ಅನ್ನೋ ಓಟದ ಕ್ಲಬ್ ಬಗ್ಗೆ ಬರೆದಿದ್ದೆ, ನೆನಪಿದ್ಯಾ? 1938ರಲ್ಲಿ ಕೌಲಾಲಂಪುರದಲ್ಲಿ ಗಿಸ್ಪರ್ಟ್ ಅನ್ನೋ ಲೆಕ್ಕಪತ್ರದ ಸಾಹೇಬ ತನ್ನ ಜೊತೆಗಾರರನ್ನ ಕಟ್ಕೊಂಡು ಶುರು ಮಾಡಿದ್ದು. ವಾರಾಂತ್ಯ ಕುಡಿದಿದ್ದನ್ನ ಸೋಮವಾರ ಸಂಜೆ ಬೆವರಲ್ಲಿ ಇಳಿಸೋಕೆ ಓಟ, ಓಡಿ ಬಾಯಾರಿದ್ದಕ್ಕೆ ಮತ್ತೆ ಬಿಯರ್. ಅವರು ಊಟ ಮಾಡ್ತಿದ್ದ ಮೆಸ್ಸಿನ ಅಡ್ಡಹೆಸರು ಹ್ಯಾಶ್ ಹೌಸ್. ಗಿಸ್ಪರ್ಟ್ 1942ರ ಫೆಬ್ರವರಿಯಲ್ಲಿ ಸಿಂಗಾಪುರದ ಯುದ್ಧದಲ್ಲಿ ತೀರಿಕೊಂಡ. ಯುದ್ಧ ಮುಗಿದ ಮೇಲೆ ಉಳಿದವರು ಮತ್ತೆ ಓಡಿದ್ರು. 1950ರ ಅವರ ನೋಂದಣಿ ಕಾರ್ಡಲ್ಲಿ ಬರೆದಿದ್ದ ಉದ್ದೇಶಗಳಲ್ಲಿ ಒಂದು, ವಯಸ್ಸಾದ ಸದಸ್ಯರಿಗೆ ತಾವು ಅಂದುಕೊಂಡಷ್ಟು ಮುದುಕರಾಗಿಲ್ಲ ಅಂತ ಮನವರಿಕೆ ಮಾಡಿಸೋದು. ಇದನ್ನ ಮೇಷ್ಟ್ರು ನನ್ನ ಕೈಲಿ ಮೂರು ಸಲ ಓದಿಸಿದ್ರು.

ನನಗೆ ಹಿಡಿಸಿದ್ದು ಅವರ ದಾರಿ ಗುರುತಿನ ಉಪಾಯ. ಮುಂಚೆ ಹೋದವನು ಹಿಟ್ಟು ಚೆಲ್ಲಿ ಗುರುತು ಹಾಕ್ತಾ ಹೋಗ್ತಾನೆ. ನಡುನಡುವೆ ಗುರುತು ಬೇಕಂತಲೇ ಕಡಿದುಬಿಡ್ತಾನೆ. ಮುಂದಿರೋ ಜೋರುಗಾರರು ಆ ಗಲ್ಲಿ ಈ ಗಲ್ಲಿ ನುಗ್ಗಿ ನಿಜವಾದ ದಾರಿ ಹುಡುಕೋಷ್ಟರಲ್ಲಿ ಹಿಂದಿನವರು ಬಂದು ಕೂಡ್ಕೋತಾರೆ. ಇದನ್ನ ಕಂಡುಹಿಡಿದವನು ಖಂಡಿತ ನನ್ನ ಹಾಗೆ ಹಿಂದೆ ಬೀಳೋನೇ.

ಗುರುತು ಹಾಕೋ ಕೆಲಸ ಬ್ಯಾಂಕಕ್ಕ ವಹಿಸ್ಕೊಂಡ್ರು. ತಿನ್ನೋ ಹಿಟ್ಟನ್ನ ಬೀದಿಗೆ ಚೆಲ್ಲೋದಾ ಅಂತ ಬೈದು ರಂಗೋಲಿ ಪುಡಿ ತಂದ್ರು. ತಿರುವಲ್ಲಿ ಮೂರು ಚುಕ್ಕಿ ಇದ್ರೆ ಈ ಕಡೆ ಬನ್ನಿ, ಸೊನ್ನೆ ಇದ್ರೆ ಇಲ್ಲಿಂದ ದಾರಿ ಹುಡುಕಿ. ಬೆಳಗಿನ ಜಾವ ನಾಲ್ಕೂವರೆಗೆ ಗಂಡನ ಸ್ಕೂಟರ್ ಹಿಂದೆ ಕೂತು ಹಾಕ್ಕೊಂಡು ಬಂದ್ರು. ಧನುರ್ಮಾಸ, ತುಮಕೂರು, ಬೆಳಗಿನ ಜಾವ, ರಸ್ತೆ ಮೇಲೆ ಬಿಳಿ ಚುಕ್ಕಿ. ಹದಿನಾಲ್ಕು ಜನರಲ್ಲಿ ಒಬ್ಬರಿಗಾದ್ರೂ ಹೊಳೀಬೇಕಿತ್ತು ನೋಡು.

ಐದೂವರೆಗೆ ಕೆರೆ ಗೇಟಿಂದ ಹೊರಟ್ವಿ, ಕೊನೆ ನಿಲ್ದಾಣ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲು. ಥಂಡಿ ಅಂದ್ರೆ ಥಂಡಿ. ನಿಮ್ಮ ಸಾಂತಾ ಟೋಪಿಗೆ ಬದಲು ನಮ್ಮದು ಮಂಕಿ ಟೋಪಿ, ಅದರ ಮೇಲೆ ಅಕ್ಕಂದಿರು ಕಟ್ಟಿದ ಸೇವಂತಿಗೆ. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಕೆಳಗೆ ಶೂ ಹಾಕಿದ್ರು. ಒಬ್ಬ ಹುಡುಗ ಆಳೆತ್ತರದ ಕಬ್ಬಿನ ಜಲ್ಲೆ ಹೆಗಲ ಮೇಲಿಟ್ಕೊಂಡು ಓಡಿದ. ಟೌನ್‌ಹಾಲ್ ತಲುಪೋ ಮುಂಚೆನೇ ಬೀದಿನಾಯಿಗಳು ಅವನನ್ನ ನೋಡಿ ಏನು ತಿಳ್ಕೊಂಡ್ವೋ, ಐದಾರು ಹಿಂದೆ ಬಿದ್ವು. ಅವತ್ತು ಅವನು ಓಡಿದ ವೇಗ ಗಡಿಯಾರದಲ್ಲಿ ಇನ್ನೂ ಇದೆ, ಎಲ್ಲರಿಗೂ ತೋರಿಸ್ತಾ ಓಡಾಡ್ತಾನೆ. ನಾಯಿ ವಿಷಯ ಹೇಳಲ್ಲ.

ಟೌನ್‌ಹಾಲ್ ಹತ್ರ ಮೊದಲ ಕಾಫಿ. ಹಾಲು ಈಗಷ್ಟೇ ಉಕ್ಕಿತ್ತು, ಗ್ಲಾಸು ಹಿಡಿಯೋಕಾಗದಷ್ಟು ಸುಡ್ತಿತ್ತು. ಅದೇ ಒಳ್ಳೇದಾಯ್ತು, ಕಾಫಿ ಆರೋಷ್ಟರಲ್ಲಿ ನಾನೂ ಮೇಷ್ಟ್ರೂ ಬಂದು ಸೇರಿದ್ವಿ. ಬಿಯರ್ ತಣ್ಣಗಿರುತ್ತೆ, ಅದನ್ನ ಮುಂದಿಟ್ಕೊಂಡು ಕಾಯೋಕೆ ನಿಮ್ಮೋರಿಗೆ ಮನಸ್ಸು ಗಟ್ಟಿ ಇರಬೇಕು. ಗಲ್ಲಾದಲ್ಲಿದ್ದವರು ನಮ್ಮ ಪಂಚೆ, ಹೂವು, ಕಬ್ಬು ಎಲ್ಲ ನೋಡಿ ಮೇಷ್ಟ್ರನ್ನ ಮೆಲ್ಲಗೆ ಕೇಳಿದ್ರು: "ಎಲ್ಲರಿಗೂ ಶುಗರಾ ಸಾರ್?"

ಎರಡನೇ ನಿಲ್ದಾಣ ಒಂದು ಗುಡಿ. ಬಿಸಿ ಹುಗ್ಗಿ ಪ್ರಸಾದ, ದೊನ್ನೆ ತಳದಲ್ಲಿ ತುಪ್ಪ, ನಡುವೆ ಒಂದು ಇಡೀ ಮೆಣಸು ಹಲ್ಲಿಗೆ ಸಿಕ್ಕಿ ಚಳಿಯೆಲ್ಲ ಬಿಟ್ಟುಹೋಯ್ತು. ಅರ್ಚಕರು "ಇನ್ನೊಂದು ಸೌಟು?" ಅಂದಾಗ ಬೇಡ ಅನ್ನೋ ಧೈರ್ಯ ಯಾರಿಗೂ ಬರಲಿಲ್ಲ. ಆಮೇಲೆ ಅರ್ಧ ಕಿಲೋಮೀಟರಿಗೇ ಪಕ್ಕೆ ಹಿಡ್ಕೊಂಡಿತು.

ಎಸ್.ಎಸ್. ಪುರಂ ಅಡ್ಡರಸ್ತೆಗಳಲ್ಲಿ ಆಗಿದ್ದೇ ಮುಖ್ಯ ಕಥೆ. ಮುಂದಿನ ನಾಲ್ಕು ಹುಡುಗರು ಚುಕ್ಕಿ ಸಾಲೊಂದನ್ನ ಕಂಡು "ಸಿಕ್ತು, ಸಿಕ್ತು" ಅಂತ ನುಗ್ಗಿದ್ರು. ಅದು ಒಂದು ಮನೆ ಮುಂದಿನ ಅಂಗಳ. ಆ ಮನೆ ಅಮ್ಮ ನೀರು ಚಿಮುಕಿಸಿ, ಹದಿನೈದು ಚುಕ್ಕಿ ಸಾಲು ಇಟ್ಟು ಮುಗಿಸಿ, ಸಂದಿ ಸಂದಿಗೆ ಇಡೋ ಇಡುಕು ಚುಕ್ಕಿಗೆ ಬಗ್ಗಿದ್ದಾರೆ. ಒಬ್ಬನ ಶೂ ನೆಟ್ಟಗೆ ಆ ಸಾಲಿನ ಮೇಲೆ. ಇನ್ನೊಬ್ಬ, ಆ ಬುದ್ಧಿವಂತ, "ಅಮ್ಮಾ, ಇಲ್ಲಿಂದ ಎಡಕ್ಕಾ ಬಲಕ್ಕಾ?" ಅಂತ ಅವರನ್ನೇ ಕೇಳಿದ.

"ನಿಮ್ಮ ಮನೆಗೆ" ಅಂದ್ರಂತೆ ಆಕೆ.

ನಾವು ತಲುಪಿದಾಗ ಶೂ ಇಟ್ಟವನು ಮಂಡಿಯೂರಿ ಕೂತು ಅಳಿಸಿಹೋದ ಚುಕ್ಕಿಗಳನ್ನ ವಾಪಸ್ ಇಡ್ತಿದ್ದ. ಒಂದೊಂದು ಚುಕ್ಕಿನೂ ಬೋಂಡದ ಗಾತ್ರ. ಆಯಮ್ಮ ಸೊಂಟದ ಮೇಲೆ ಕೈ ಇಟ್ಕೊಂಡು "ಸಣ್ಣಗೆ, ಬೆರಳ ಸಂದಿಯಿಂದ ಬಿಡು, ಉಪ್ಪು ಹಾಕೋ ಹಾಗೆ" ಅಂತ ಹೇಳಿಕೊಡ್ತಿದ್ರು. ಕೋಪ ಅಷ್ಟೊತ್ತಿಗೆ ಇಳಿದಿತ್ತು, ಇಲ್ದಿದ್ರೆ ಪುಡಿ ಬಟ್ಟಲು ಅವನ ಕೈಗೆ ಕೊಡ್ತಿರಲಿಲ್ಲ. ಉಳಿದ ಮೂವರು ಬೀದಿ ತುಂಬ ಇದ್ದ ಚುಕ್ಕಿಗಳನ್ನ ನೋಡಿ ಕಂಗಾಲಾಗಿ ಮೂರು ದಿಕ್ಕಿಗೆ ಹೋಗಿದ್ರು, ಮಿಕ್ಕವರು ಅವರ ಹಿಂದೆ.

ಮೇಷ್ಟ್ರು ನಿಂತು ನೆಲ ನೋಡಿದ್ರು. ಮೂವತ್ತು ವರ್ಷ ಬೋರ್ಡ್ ಮೇಲೆ ಬರೆದು ಅಳಿಸಿದ ಜೀವ ಅಲ್ವಾ. "ನೋಡಯ್ಯ, ಒದ್ದೆ ನೆಲದ ಚುಕ್ಕಿ ಮನೆಯವರದು. ಒಣ ಟಾರ್ ಮೇಲಿರೋ ಚುಕ್ಕಿ ನಮ್ಮದು." ಅಷ್ಟೇ. ಅಲ್ಲಿಂದ ನಾವಿಬ್ಬರೇ ಒಣ ಚುಕ್ಕಿ ಹಿಡಿದು, ಯಾವ ಅವಸರವೂ ಇಲ್ಲದೆ, ಬಟವಾಡಿ ದಾಟಿ ಕ್ಯಾತ್ಸಂದ್ರ ಸೇರಿದ್ವಿ. ಎಲ್ಲರಿಗಿಂತ ಮೊದಲು! ಜೀವನದಲ್ಲಿ ಮೊದಲ ಸಲ ನನ್ನ ಮುಂದೆ ಯಾರ ಬೆನ್ನೂ ಇರಲಿಲ್ಲ.

ಹೋಟೆಲಲ್ಲಿ ಆಗಷ್ಟೇ ತಟ್ಟೆಗಳ ಗೋಪುರ ಒಲೆಯಿಂದ ಇಳಿಸಿದ್ರು. ಮುಚ್ಚಳ ತೆಗೆದಾಗ ಎದ್ದ ಹಬೆಯಲ್ಲಿ ಭಟ್ಟರು ಕಾಣದ ಹಾಗಾದ್ರು. ಬಾಳೆಲೆ ತುಂಡಿನ ಮೇಲೆ ಇಡ್ಲಿ ಬಂತು, ಅದರ ಮೇಲೆ ಬೆಣ್ಣೆ ಉಂಡೆ. ನಾನು ಕೈ ಹಾಕಿದೆ. ಮೇಷ್ಟ್ರು ನನ್ನ ಮಣಿಕಟ್ಟು ಹಿಡಿದ್ರು. ಅವರು ಸಿದ್ಧಗಂಗಾ ಮಠದಲ್ಲಿ ಓದಿದವರು ಗೊತ್ತಲ್ಲ. ಪಂಕ್ತಿಯಲ್ಲಿ ಕೊನೇ ಹುಡುಗನಿಗೂ ಬಡಿಸೋವರೆಗೆ ಕೈ ಹಾಕಿದವರಲ್ಲ.

ಹನ್ನೆರಡು ನಿಮಿಷ ಕಾದ್ವಿ. ಬೆಣ್ಣೆ ಕರಗಿ ಇಡ್ಲಿಯೊಳಗೆ ಇಳಿದು, ಅಂಚಿಂದ ಎಲೆ ಮೇಲೆ ಹರೀತು. ಮೈ ಬೆವರು ಆರಿ ಗದಗುಟ್ಟೋ ಚಳಿ ಹಿಡೀತು. ಕಾಯೋದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ ಕಣೋ, ಯಾಕಂದ್ರೆ ನನಗೆ ಆ ಕೆಲಸವೇ ಬಿದ್ದಿರಲಿಲ್ಲ. ನೀನು ಬೈಕ್ ಸ್ಟಾರ್ಟ್ ಮಾಡ್ಕೊಂಡು ಹಾರ್ನ್ ಹೊಡೀತಿದ್ದದ್ದು ಚಳಿಗೂ ಇರಬಹುದು. ಪೂರ್ತಿ ಅಲ್ಲ, ಒನ್ ಬೈ ಟೂ ಕ್ಷಮಿಸಿದೀನಿ.

ಒಬ್ಬೊಬ್ಬರಾಗಿ ಬಂದ್ರು. ಕೊನೇಗೆ ಚುಕ್ಕಿ ಹುಡುಗ, ಮೊಣಕಾಲೆಲ್ಲ ಬಿಳಿ, ಕೈಯಲ್ಲಿ ಆಯಮ್ಮ ಕೊಟ್ಟ ಎಳ್ಳು ಬೆಲ್ಲದ ಪೊಟ್ಟಣ. ಕಬ್ಬಿನ ಜಲ್ಲೆ ಬಟವಾಡಿ ಹತ್ರ ಒಂದು ಹಸುವಿನ ಪಾಲಾಗಿತ್ತಂತೆ, ಅರ್ಧ ಮಾತ್ರ ಬಂದಿತ್ತು. ತಣ್ಣಗಾದ ತಟ್ಟೆ ಇಡ್ಲಿ ಬಿಸಿಯದರಷ್ಟು ಚೆನ್ನಾಗಿರಲ್ಲ, ಸುಳ್ಳು ಯಾಕೆ ಹೇಳ್ಲಿ. ಅದಕ್ಕೆ ಎಲ್ಲರೂ ಇನ್ನೊಂದೊಂದು ಬಿಸಿಯದು ತಿಂದ್ವಿ. ವಾಪಸ್ ಓಡೋ ಮಾತು ಯಾರೂ ಎತ್ತಲಿಲ್ಲ, ಸಿಟಿ ಬಸ್ ಹತ್ತಿ ಬಂದ್ವಿ. ಮೇಷ್ಟ್ರು ಮಾತ್ರ "ಇಷ್ಟು ದೂರ ಬಂದು ಮಠಕ್ಕೆ ಹೋಗದೇ ಇರೋದಾ" ಅಂತ ಪಂಚೆ ಇಳಿಸ್ಕೊಂಡು ನಡೆದೇ ಹೋದ್ರು.

ಮುಂದಿನ ವರ್ಷವೂ ಮಾಡೋದು ಅಂತ ಆಗಿದೆ. ಗುರುತಿಗೆ ಅರಿಶಿನ ಅಂತ ಒಬ್ಬರು, ಇಟ್ಟಿಗೆ ಪುಡಿ ಅಂತ ಒಬ್ಬರು. ನನ್ನ ಓಟು ರಂಗೋಲಿಗೇ. ನೀನು ಬರೋದಾದ್ರೆ ಆ ಹಣೆ ಟಾರ್ಚ್ ಎರಡು ತಗೊಂಡು ಬಾ, ಒಂದು ಮೇಷ್ಟ್ರಿಗೆ, ದುಡ್ಡು ಅವರೇ ಕೊಡ್ತಾರಂತೆ. ನಿನ್ನ ಪಾಲಿನ ಎಳ್ಳು ಬೆಲ್ಲ ಇಟ್ರೆ ಕೊಬ್ಬರಿ ಕೆಟ್ಟುಹೋಗುತ್ತೆ ಅಂತ ನಿಮ್ಮಮ್ಮನೂ ನಾನೂ ನಿನ್ನೆ ಸಂಜೆ ಹಂಚ್ಕೊಂಡ್ವಿ. ಸಕ್ಕರೆ ಅಚ್ಚಿನ ಗಿಳಿಯೊಂದು ಉಳಿದಿದೆ. ಡಬ್ಬಿಗೆ ಹಾಕಿ, ನೀರಿನ ತಟ್ಟೆಯೊಳಗೆ ಇಟ್ಟಿದಾರೆ, ಇರುವೆಗೆ.

ಇಂತಿ ನಿನ್ನ,
ಹಿಂದೆ ಓಡೋನು