ವಿಷಯ: ಹಿತ್ತಲಿನ ಟರ್ಫ್ ಅಂಕಣ ಕೊಟೇಶನ್ನಿನಂತೆ ಆಗದಿರುವ ಬಗ್ಗೆ ಕೊನೆಯ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಹುಬ್ಬಳ್ಳಿಯ ನಮ್ಮ ಮನೆಯ ಹಿತ್ತಲಿನಲ್ಲಿ ನೀವು ಹಾಕಿಕೊಟ್ಟ 40 × 26 ಅಡಿಯ ಕೃತಕ ಹುಲ್ಲಿನ ಅಂಕಣದ ಬಗ್ಗೆ ಫೋನಿನಲ್ಲಿ ಹೇಳಬೇಕಾದದ್ದನ್ನೆಲ್ಲ ಹೇಳಿಯಾಗಿದೆ. ನಿಮ್ಮ ಉತ್ತರವೂ ಬದಲಾಗಿಲ್ಲ: "ಮಣ್ಣಿನ ಸಮಸ್ಯೆಗೆ ವಾರಂಟಿ ಬರಲ್ಲ."

ಸರಿ, ಮಣ್ಣಿನಿಂದಲೇ ಶುರು ಮಾಡೋಣ. ಇಲ್ಲಿಯದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಈ ಊರಲ್ಲಿ ಇದೇನು ಗುಟ್ಟಲ್ಲ. ನಿಮ್ಮ ಕೊಟೇಶನ್ನಿನ ಮೊದಲ ಸಾಲೇ "ಸ್ಥಳ ಮತ್ತು ಮಣ್ಣಿನ ಪರಿಶೀಲನೆ, ರೂ. 5,000". ಆ ಹಣಕ್ಕೆ ನಿಮ್ಮವರು ಪರಿಶೀಲಿಸಿದ್ದು ಬಹುಶಃ ಹಿತ್ತಲಿನ ಮಾವಿನ ಮರವನ್ನಿರಬೇಕು. ಕೊಟೇಶನ್ನಿನ ಮುಂದಿನ ಸಾಲುಗಳು ಹೀಗಿವೆ: ಒಂದೂವರೆ ಅಡಿ ಎರೆಮಣ್ಣು ತೆಗೆದು, 9 ಇಂಚು ಗರಸು ತುಂಬಿ, ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಮೇಲೆ 6 ಇಂಚು ಜಲ್ಲಿಯನ್ನು ಎರಡು ಪದರದಲ್ಲಿ ಹಾಕಿ, ಪ್ರತಿ ಪದರಕ್ಕೂ ಪ್ಲೇಟ್ ಕಂಪ್ಯಾಕ್ಟರ್ (ನೆಲ ಅದುಮುವ ಯಂತ್ರ) ಓಡಿಸಿ, ಕೊನೆಗೆ 1 ಇಂಚು ಕ್ರಷರ್ ಪುಡಿ. ಇಳಿಜಾರು ಶೇ. 1, ಅಂದರೆ 26 ಅಡಿ ಅಗಲಕ್ಕೆ 3 ಇಂಚು. ಇದು ನೀವೇ ಬರೆದುಕೊಟ್ಟದ್ದು, ನಾನು ಹೇಳಿಕೊಡುತ್ತಿಲ್ಲ.

ಆದದ್ದು ಇಷ್ಟು: 8 ಇಂಚು ಅಗೆತ, ಗರಸೂ ಇಲ್ಲ, ಬಟ್ಟೆಯೂ ಇಲ್ಲ. ಜಲ್ಲಿಯನ್ನು ಒಂದೇ ಸಲ ಸುರಿದು ಕೈಯಲ್ಲೇ ದಮ್ಮಸು ಹೊಡೆದರು. ಒಂದು ಮೂಲೆಯಲ್ಲಿ ಟರ್ಫ್ ಎತ್ತಿ ನೋಡಿದರೆ ಜಲ್ಲಿಯ ಸಂದಿಗಳಲ್ಲೆಲ್ಲ ಎರೆಮಣ್ಣು ಕಲಸಿದ ಹಿಟ್ಟಿನಂತೆ ಮೆತ್ತಿಕೊಂಡಿದೆ. ಬಟ್ಟೆ ಇಲ್ಲದಿದ್ದರೆ ಜಲ್ಲಿ ಕೆಳಗಿಳಿದು ಕೆಸರು ಮೇಲೇರುತ್ತದೆ, ಆಮೇಲೆ ಟರ್ಫಿನ ತಳದ ತೂತುಗಳಿದ್ದೂ ನೀರು ಇಳಿಯುವುದಿಲ್ಲ. ನಡುವೆ ತಗ್ಗು, ಬದಿಯಲ್ಲಿ ಉಬ್ಬು. ಇದು ಮಣ್ಣಿನ ತಪ್ಪಾದರೆ, ಮಣ್ಣು ನೋಡಲು ಹಣ ತೆಗೆದುಕೊಂಡವರು ಯಾರು?

ಇನ್ನು ಟರ್ಫು. 4 ಮೀಟರ್ ಅಗಲದ ರೋಲ್ ಎರಡು ಪಟ್ಟಿ, ನಡುವೆ ಒಂದೇ ಜೋಡಣೆ ಎಂದಿತ್ತು. ಬಂದದ್ದು 2 ಮೀಟರಿನವು: ನಾಲ್ಕು ಪಟ್ಟಿ, ಮೂರು ಜೋಡಣೆ. ಜೋಡಣೆಯಡಿ ಅಂಟಿಸುವ ಸೀಮ್ ಟೇಪಿನ ಅಗಲ 30 ಸೆಂ.ಮೀ. ಬದಲು 15. ಬೆಳಗಿನ ಮಳೆಯ ತೇವ ಆರುವ ಮೊದಲೇ ಅಂಟು ಬಳಿದರು. ಪಾಲಿಯುರೆಥೇನ್ ಅಂಟು ತೇವಕ್ಕೆ ನೊರೆಯೇಳುತ್ತದೆ, ನೊರೆಯೆದ್ದದ್ದು ಹಿಡಿಯುವುದಿಲ್ಲ. ಈಗ ಎರಡು ಜೋಡಣೆಗಳಲ್ಲಿ ಬೆರಳು ತೂರಿಸಬಹುದು, ಓಡುವ ಮಗುವಿನ ಕಾಲೂ ಸಿಕ್ಕಬಹುದು. ಎಳೆಗಳನ್ನು ನೆಟ್ಟಗೆ ನಿಲ್ಲಿಸಲು ಅವುಗಳ ನಡುವೆ ತುಂಬುವುದು ಚದರ ಮೀಟರಿಗೆ 15 ಕಿಲೋ ಸಿಲಿಕಾ ಮರಳು, 8 ಕಿಲೋ ರಬ್ಬರ್ ಕಾಳು ಎಂಬ ಲೆಕ್ಕಕ್ಕೆ 50 ಕಿಲೋದ 29 ಚೀಲ ಮರಳು, 25 ಕಿಲೋದ 31 ಚೀಲ ರಬ್ಬರ್ ಬೇಕು. ಇಳಿಸಿದ್ದು 12 ಮತ್ತು 9. ಹುಲ್ಲು ಮಲಗದೆ ಇನ್ನೇನು ಮಾಡೀತು?

ಎಳೆಯ ಉದ್ದ 50 ಮಿ.ಮೀ. ಎಂದು ಬರೆದಿದೆ. ನಿಮ್ಮ ಸೈಟ್ ಸೂಪರ್‌ವೈಸರ್ ಎದುರಿಗೇ ಒಂದು ಎಳೆಯನ್ನು ನೆಟ್ಟಗೆ ಹಿಡಿದು ಸ್ಟೀಲ್ ಸ್ಕೇಲ್ ಇಟ್ಟು ತೋರಿಸಿದೆ: 35. ಅವರು ಬಗ್ಗಿಯೂ ನೋಡಲಿಲ್ಲ. "ಮೇಡಂ, ನೀವು ಸ್ಕೇಲ್ ಉಲ್ಟಾ ಹಿಡದೀರಿ" ಅಂದರು. ತಿರುಗಿಸಿ ಹಿಡಿದೆ. ಆಗಲೂ 35. "ನಡದಾಡಿದ್ರ ಹುಲ್ಲು ಸಣ್ಣಾಗ್ತದ್ರಿ" ಅಂದರು. ಇದರ ಮೇಲೆ ಇನ್ನೂ ಯಾರೂ ಆಡೇ ಇಲ್ಲವಲ್ಲ ಅಂದೆ. ಕೆಲಸದ ಹುಡುಗರು ನಕ್ಕರು, ಯಾರನ್ನು ನೋಡಿ ಅನ್ನುವುದು ಬೇಡ. ಆಗ ಅವರು ಕೈಲಿದ್ದ ಮೊಬೈಲು ಜೇಬಿಗಿಟ್ಟು, "ಮನ್ಯಾಗ ಗಂಡಸ್ರು ಯಾರರ ಇದ್ರ ಕರೀರಿ, ಅವರಿಗೆ ಹೇಳಿದ್ರ ತಿಳೀತದ" ಅಂದರು. ನನ್ನ ಉತ್ತರಕ್ಕೂ ಕಾಯದೆ, ಏಣಿಯ ಮೇಲಿದ್ದವರನ್ನು ಕೆಳಗೆ ಕರೆದು, ಎಳೆಯ ಡಿಟೆಕ್ಸ್ (ತೂಕದ ಅಳತೆ), ಹೊಲಿಗೆಯ ಗೇಜು (ಸಾಲುಗಳ ನಡುವಿನ ಅಂತರ), ಬಿಸಿಲು ತಡೆಯುವ ಯುವಿ ರಕ್ಷಣೆ ಎಲ್ಲವನ್ನೂ ಅವರ ಹೆಗಲ ಮೇಲೆ ಕೈ ಹಾಕಿ ವಿವರಿಸಿದರು. ಆ ಮನುಷ್ಯ ಪೂರ್ತಿ ಕೇಳಿಸಿಕೊಂಡು ಹೇಳಿದ್ದು: "ಸಾಹೇಬ್ರ, ನಾ ಲೈಟ್ ಹಾಕಾಕ ಬಂದೀನ್ರಿ."

ಅಂದ ಹಾಗೆ, ಉಲ್ಟಾ ಇದ್ದದ್ದು ಮೂರನೇ ಪಟ್ಟಿ. ಎಳೆಗಳು ಎದುರು ದಿಕ್ಕಿಗೆ ಬಾಗಿರುವುದರಿಂದ ಅದೊಂದೇ ಬೇರೆ ಬಣ್ಣ ಕಾಣುತ್ತದೆ. ತಾರಸಿಯಿಂದ ನೋಡಿದರೆ ಯಾರಿಗಾದರೂ ತಿಳಿಯುತ್ತದೆ, ಹೆಂಗಸರಿಗೂ.

ತೇಪೆ ಕೆಲಸಕ್ಕೆ ನಾನು ಒಪ್ಪುವುದಿಲ್ಲ. ಟರ್ಫ್ ಪೂರ್ತಿ ಎತ್ತಿ, ತಳದಿಂದ ಕೊಟೇಶನ್ನಿನಂತೆ ಮಾಡಿಕೊಡಿ, ಇಲ್ಲವೇ ಕೊಟ್ಟ ರೂ. 2,34,000 ವಾಪಸು ಮಾಡಿ. ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಸಿಗೋಣ. ನಿಮ್ಮ ಕಚೇರಿ ಬೆಂಗಳೂರಿನಲ್ಲಿದೆ ಎಂಬ ಧೈರ್ಯ ಬೇಡ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸಿಸುವ ಊರಿನಲ್ಲೇ ದೂರು ಕೊಡಬಹುದು. ಇಷ್ಟು ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ. ಜಿಎಸ್‌ಟಿ ಸಂಖ್ಯೆಯೇ ಇಲ್ಲದ ನಿಮ್ಮ ಬಿಲ್ಲನ್ನು ನೋಡಬೇಕಾದ ಇಲಾಖೆ ಬೇರೆಯಿದೆ, ಅವರಿಗೂ ಒಂದು ಪ್ರತಿ ಹೋಗುತ್ತದೆ. ಕತ್ತರಿಸಿದ ಟರ್ಫಿನ ತುಂಡು, ಟೇಪು, ಖಾಲಿ ಚೀಲಗಳ ಫೋಟೊ, ಎಲ್ಲ ಎತ್ತಿಟ್ಟಿದ್ದೇನೆ.

ಬಾಕಿ ರೂ. 26,000 ಕೇಳಿಕೊಂಡು ಇನ್ನು ಫೋನ್ ಮಾಡಬೇಡಿ. ಅದು ವಕೀಲರ ಮುಂಗಡಕ್ಕೆ ಹೋಗಿದೆ.

ಇತಿ,
ನಿಮ್ಮ ಗ್ರಾಹಕಿ, ಹುಬ್ಬಳ್ಳಿ