ಮಗಳಿಗೊಂದು ಪತ್ರ: ಬ್ಯಾಂಡ್ ಕಟ್ಟೋ ವಿಷಯ

ಪ್ರೀತಿಯ ಪುಟ್ಟಿ,

ಹಾಸ್ಟೆಲ್ ಗೆಳತಿಯರು ಸೇರಿ ಹೆವಿ ರಾಕ್ ಬ್ಯಾಂಡ್ ಮಾಡ್ತೀವಿ ಅಂದೆಯಲ್ಲ, ಖುಷಿಯಾಯ್ತು. ಆದರೆ ಡ್ರಮ್ಸ್ ಹುಡುಗಿಗೆ ತಾಳ ತಪ್ಪುತ್ತೆ, ಹಾಡುವವಳಿಗೆ ದನಿ ಸಾಲದು, ಬೇಸ್ ಗಿಟಾರ್ ನುಡಿಸೋರೇ ಇಲ್ಲ, ಸರಿಯಾದವರು ಸಿಕ್ಕಿದ ಮೇಲೆ ಶುರು ಅಂತಲೂ ಅಂದೆ. ಪಕ್ಕದಲ್ಲಿ ನಿನ್ನಮ್ಮ ಇದ್ದಳು, ಅದಕ್ಕೇ ಆಗ ಸುಮ್ಮನಾದೆ. ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬ್ಯಾಂಡಿನ ಶೋ ನೋಡಿ ಬಂದ ನಿನ್ನಪ್ಪನಿಗೂ ಈ ವಿಷಯ ಸ್ವಲ್ಪ ಗೊತ್ತು.

ಬ್ಲ್ಯಾಕ್ ಸಬ್ಬತ್ ಅನ್ನೋ ಹೆವಿ ಮೆಟಲ್ ಬ್ಯಾಂಡ್ ಹುಟ್ಟಿದ್ದು 1968ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಆಸ್ಟನ್ ಅಂತ ಕಾರ್ಖಾನೆ ಕೆಲಸದವರ ಬಡಾವಣೆ. ನಾಲ್ಕೂ ಹುಡುಗರು ಅಲ್ಲಿಯವರೇ. ಗಿಟಾರಿನ ಟೋನಿ ಅಯೋಮಿ, ಡ್ರಮ್ಸಿನ ಬಿಲ್ ವಾರ್ಡ್ ಇದ್ದ ಹಳೇ ಬ್ಯಾಂಡ್ ಮುರಿದುಬಿದ್ದಿತ್ತು. ಅಂಗಡಿಯೊಂದರಲ್ಲಿ ಚೀಟಿ ಅಂಟಿಸಿದ್ದು ಕಂಡರು: ಹಾಡುವವನಿಗೆ ಬ್ಯಾಂಡ್ ಬೇಕು, ಸ್ವಂತ ಪಿಎ ಸೆಟ್ (ಮೈಕು, ಸ್ಪೀಕರ್ ಎಲ್ಲ) ಇದೆ. ಮನೆ ಹುಡುಕಿಕೊಂಡು ಹೋದರೆ ಬಾಗಿಲಿಗೆ ಬಂದವನು ಓಜಿ ಓಸ್ಬೋರ್ನ್! ಟೋನಿ ಓದಿದ ಶಾಲೆಯಲ್ಲೇ ಓದಿದವನು. ಟೋನಿಗೆ ಅವನನ್ನು ಕಂಡರಾಗುತ್ತಿರಲಿಲ್ಲ. ಇವನು ಹಾಡ್ತಾನಾ ಅನ್ನೋದೇ ಅನುಮಾನ. ಆದರೂ ಸೇರಿಸಿಕೊಂಡರು, ಪಿಎ ಸೆಟ್ ಇತ್ತಲ್ವಾ! ಅದು ಅವನಪ್ಪ ಸಾಲ ಮಾಡಿ ಕೊಡಿಸಿದ್ದು. ಅಪ್ಪಂದಿರ ಹಣೆಬರಹ ಎಲ್ಲ ಊರಲ್ಲೂ ಅಷ್ಟೇ.

ಗೀಜರ್ ಬಟ್ಲರ್ (ನಗಬೇಡ, ಬಚ್ಚಲುಮನೆಯದ್ದಲ್ಲ) ಗಿಟಾರ್ ನುಡಿಸುತ್ತಿದ್ದ. ಗಿಟಾರಿಗೆ ಟೋನಿ ಇದ್ದನಲ್ಲ, ಇವನು ಬೇಸ್ ಹಿಡಿದ. ಮೊದಲು ಒಟ್ಟು ಆರು ಜನ, ಸ್ಯಾಕ್ಸೊಫೋನ್ ಬೇರೆ. ಇಬ್ಬರು ಬೇಡ ಅನ್ನಿಸಿತು. ಮುಖಕ್ಕೆ ಹೇಳೋ ಧೈರ್ಯವಿಲ್ಲದೆ, ಬ್ಯಾಂಡೇ ಮುಚ್ಚಿದೆವು ಅಂದು, ಆಮೇಲೆ ನಾಲ್ವರೇ ಮತ್ತೆ ಸೇರಿದರು. ನೀವು ಹೀಗೆ ಮಾಡಬೇಡಿ.

ನನಗೆ ಇಡೀ ಕಥೆಯಲ್ಲಿ ಹಿಡಿಸೋದು ಟೋನಿಯ ಕೈ. ಹದಿನೇಳು ವಯಸ್ಸು, ತಗಡಿನ ಕಾರ್ಖಾನೆಯಲ್ಲಿ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಬಂದವನು ಇನ್ನು ಹೋಗಲ್ಲ ಅಂದ. ಕೆಲಸ ಪೂರ್ತಿ ಮುಗಿಸಿ ಬಾ ಅಂತ ಅಮ್ಮ ಕಳಿಸಿದಳು. ಅವತ್ತು ಪ್ರೆಸ್ ಮೆಷಿನ್ನಿನವನು ಬಂದಿರಲಿಲ್ಲ, ಇವನನ್ನು ಕೂರಿಸಿದ್ದರು. ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಅವನು ಎಡಚ, ತಂತಿ ಒತ್ತೋದು ಆ ಬಲಗೈಯಲ್ಲೇ. ಕಾರ್ಖಾನೆಯಲ್ಲಿ ಮೇಲಿದ್ದವರೊಬ್ಬರು ಜ್ಯಾಂಗೋ ರೈನ್‌ಹಾರ್ಟ್ ರೆಕಾರ್ಡ್ ತಂದು ಕೇಳಿಸಿದರು. ಬೆಂಕಿಯಲ್ಲಿ ಕೈ ಸುಟ್ಟ ಮೇಲೂ ಎರಡೇ ಬೆರಳಲ್ಲಿ ಗಿಟಾರ್ ನುಡಿಸಿದ ಪುಣ್ಯಾತ್ಮ ಅವನು. ಟೋನಿ ಪಾತ್ರೆ ತೊಳೆಯೋ ಲಿಕ್ವಿಡ್‌ನ ಬಾಟಲಿ ಕರಗಿಸಿದ, ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಹಳೇ ಜಾಕೆಟ್ಟಿನ ಚರ್ಮದ ಚೂರು ಅಂಟಿಸಿದ. ಪ್ಲಾಸ್ಟಿಕ್ಕಿಗೆ ತಂತಿ ತಾಗೋದು ಗೊತ್ತಾಗಲ್ಲ, ಬಿಗಿ ತಂತಿ ಎಳೆದರೆ ನೋವು. ತೆಳ್ಳಗಿರಲಿ ಅಂತ ಬ್ಯಾಂಜೋ ತಂತಿ ಹಾಕಿದ. ಮುಂದೆ 1971ರ ಮೂರನೇ ಆಲ್ಬಮ್ಮಿಗೆ ಶ್ರುತಿಯನ್ನೇ ಮೂರು ಫ್ರೆಟ್‌ನಷ್ಟು (ಗಿಟಾರಿನ ಮೂರು ಮನೆಯಷ್ಟು) ಇಳಿಸಿದ. ತಂತಿ ಸಡಿಲವಾಯ್ತು, ಸದ್ದು ಪಾತಾಳಕ್ಕಿಳಿಯಿತು. ನೀನು ಹೆಡ್‌ಫೋನಲ್ಲಿ ಕೇಳ್ತೀಯಲ್ಲ, ಆ ಭಾರದ ಸದ್ದಿನ ಮೂಲದಲ್ಲಿ ಆ ಬೆರಳುಗಳೂ ಇವೆ.

ಮೊದಲ ಆಲ್ಬಮ್ ರೆಕಾರ್ಡ್ ಮಾಡಿದ್ದು 1969ರ ಅಕ್ಟೋಬರ್‌ನಲ್ಲಿ, ಒಂದೇ ದಿನದಲ್ಲಿ. ಬಂದಿದ್ದು 1970ರ ಫೆಬ್ರವರಿ 13, ಶುಕ್ರವಾರ. ವಿಮರ್ಶಕರು ಬೈದರು, ಜನ ಕೊಂಡರು. ಆಮೇಲೆ ಕುಡಿತ, ಜಗಳ, 1979ರಲ್ಲಿ ಓಜಿಯನ್ನು ಹೊರಗೆ ಹಾಕಿದ್ದು ಎಲ್ಲವೂ ಆಯಿತು. 2025ರ ಜುಲೈ 5ರಂದು ಅದೇ ನಾಲ್ವರು ಅದೇ ಆಸ್ಟನ್ನಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಕೊನೆಯ ಸಲ ನುಡಿಸಿದರು. ಆ ತಿಂಗಳು 22ಕ್ಕೆ ಓಜಿ ತೀರಿಕೊಂಡ.

ನಿಮ್ಮಲ್ಲಿ ಗಿಟಾರಿಗೆ ಇಬ್ಬರಿದ್ದೀರಿ. ಒಬ್ಬರು ಬೇಸ್ ಹಿಡಿಯಿರಿ. ನೀನೇ ಆದರೆ ಸೆಕೆಂಡ್ ಹ್ಯಾಂಡ್ ಎಷ್ಟಕ್ಕೆ ಸಿಗುತ್ತೆ ವಿಚಾರಿಸು, ಅರ್ಧ ದುಡ್ಡು ನನ್ನದು. ಡ್ರಮ್ಸ್ ಹುಡುಗಿಗೆ ತಾಳ ಹಾಕೋ ಮೆಟ್ರೋನೋಮ್ ಹಾಕಿಕೊಂಡು ಅಭ್ಯಾಸ ಮಾಡು ಅನ್ನು. ನಿನ್ನ ಇಂಟರ್ನಲ್ಸ್ ಮುಗಿದ ಮೇಲೆ ಅಮ್ಮನಿಗೆ ನಾನೇ ಹೇಳ್ತೀನಿ, ನೀನು ಬಾಯಿಬಿಡಬೇಡ. ಪಿಎ ಸೆಟ್ ಮಾತ್ರ ಕೇಳಬೇಡ ಮಾರಾಯ್ತಿ.

ನಿನ್ನ
ಅಪ್ಪ