‘ನೆಗೆಟಿವ್’ ಎಂದರೂ ಸುಮ್ಮನಾಗದವರಿಗೆ

ಮಾತ್ರೆ ಮುಗಿದು 12 ವಾರ ಕಳೆದ ಮೇಲೆ ಮಾಡಿಸಿದ ರಕ್ತಪರೀಕ್ಷೆಯ ವರದಿ ನಿನ್ನೆ ಕೈಸೇರಿತು. ರಕ್ತದ ಮೂಲಕ ಹರಡಿ ಲಿವರ್‌ಗೆ ಸೋಂಕು ತರುವ ಹೆಪಟೈಟಿಸ್ ಸಿ ವೈರಸ್ ಪತ್ತೆಯಾಗಿಲ್ಲ. ಅಂದರೆ ಗುಣವಾಗಿದ್ದೇನೆ.

ನಾನು ನರ್ಸ್. ರಾತ್ರಿ ಪಾಳಿಯಲ್ಲಿ, ತುಂಬಿ ತುಳುಕುತ್ತಿದ್ದ ಸೂಜಿ ಡಬ್ಬಿಯೊಳಗೆ ಇನ್ನೊಂದು ಸೂಜಿ ತುರುಕಲು ಹೋಗಿ ಬೆರಳಿಗೆ ಚುಚ್ಚಿಕೊಂಡೆ. ಹೇಳಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಿದ್ದಾಗ ಹಿರಿಯ ಸಿಸ್ಟರ್ ರಿಜಿಸ್ಟರನ್ನೇ ತಂದು ಮುಂದಿಟ್ಟು, ‘ಮೊದಲು ಬರಿ, ಆಮೇಲೆ ಅಳು’ ಎಂದರು. ಮೊದಲ ನಮಸ್ಕಾರ ಅವರಿಗೆ. ಆ ಸೂಜಿ ಯಾರಿಗೆ ಬಳಸಿದ್ದೋ, ತಮ್ಮ ರಕ್ತ ಪರೀಕ್ಷಿಸಲು ಒಪ್ಪಿದ ಆ ರೋಗಿಗೂ ನಾನು ಋಣಿ. ಸೋಂಕು ಇರುವುದು ಅವರಿಗೂ ಅಂದೇ ತಿಳಿದದ್ದು. ಎಚ್‌ಐವಿಗೆ ಇರುವಂತೆ ಇದಕ್ಕೆ ಮುಂಜಾಗ್ರತೆಯ ಮಾತ್ರೆಯಿಲ್ಲ, ಲಸಿಕೆಯೂ ಇಲ್ಲ. ಕಾಯಬೇಕು, ಪರೀಕ್ಷಿಸಿಕೊಳ್ಳಬೇಕು.

ಐದನೇ ವಾರ ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ತಯಾರಿಸುವ ವಸ್ತು) ಪರೀಕ್ಷೆ ನೆಗೆಟಿವ್ ಬಂತು. ಹಿಗ್ಗಿದೆ. ಕಾಮಾಲೆಯಿಲ್ಲ, ಜ್ವರವಿಲ್ಲ, ಸುಸ್ತನ್ನು ಪಾಳಿಯ ಮೇಲೆ ಹಾಕಿದೆ. ಕಿರಿಯ ವೈದ್ಯೆಯೊಬ್ಬರು ಮಾತ್ರ ವರದಿಯ ಇನ್ನೊಂದು ಸಾಲಿಗೆ ಬೆರಳಿಟ್ಟರು: ‘ಲಿವರ್ ಕಿಣ್ವ ಏಕೆ ಏರಿದೆ?’ ಅದು ಲಿವರ್‌ಗೆ ಪೆಟ್ಟಾಗಿರಬಹುದು ಎಂಬ ಸುಳಿವು. ದೇಹ ಪ್ರತಿಕಾಯ ತಯಾರಿಸಲು ಎರಡು ಮೂರು ತಿಂಗಳು ಬೇಕಾಗಬಹುದು; ವೈರಸ್‌ನ ಆರ್‌ಎನ್‌ಎ (ಅದರ ವಂಶವಸ್ತು) ಒಂದೆರಡು ವಾರಗಳಲ್ಲೇ ರಕ್ತದಲ್ಲಿ ಸಿಗುತ್ತದೆ. ಇದನ್ನು ನಾನೂ ಓದಿದ್ದೆ. ನನ್ನದೇ ರಕ್ತ ಎಂದಾಗ ಮರೆತಿದ್ದೆ! ಆರ್‌ಎನ್‌ಎ ಪರೀಕ್ಷೆ ಪಾಸಿಟಿವ್ ಬಂತು.

‘ಆರು ತಿಂಗಳು ನೋಡೋಣ, ತಾನಾಗಿಯೇ ಹೋಗಬಹುದು’ ಎಂದವರಿದ್ದರು. ಸುಳ್ಳಲ್ಲ, ನೂರಕ್ಕೆ ಸುಮಾರು ಮೂವತ್ತು ಜನರಲ್ಲಿ ಹೋಗುತ್ತದೆ. ‘ಆ ಮೂವತ್ತರಲ್ಲಿ ನೀವಿದ್ದೀರಾ ಎಂದು ನೋಡಲು ಆರು ತಿಂಗಳು ಏಕೆ?’ ಎಂದರು ಆ ವೈದ್ಯೆ. ಕಾಯದೆ ಚಿಕಿತ್ಸೆ ಆರಂಭಿಸಿ ಎಂಬುದೇ ಈಗಿನ ಮಾರ್ಗಸೂಚಿಗಳ ಮಾತೂ ಹೌದು. ಹೆಪಟೈಟಿಸ್ ಬಿ ಇಲ್ಲವೆಂದು ಖಚಿತಪಡಿಸಿಕೊಂಡು ಸೊಫೋಸ್ಬುವಿರ್–ವೆಲ್ಪಟಾಸ್ವಿರ್ ಕೊಟ್ಟರು. ದಿನಕ್ಕೊಂದು ಮಾತ್ರೆ, 12 ವಾರ. ಇಂಟರ್‌ಫೆರಾನ್ ಚುಚ್ಚುಮದ್ದೇ ಇದಕ್ಕೆ ಚಿಕಿತ್ಸೆಯಾಗಿದ್ದ ಕಾಲದ ರೋಗಿಗಳ ಪಾಡು ಕಂಡಿದ್ದ ಸಿಸ್ಟರ್, ‘ಇಷ್ಟೇನಾ?’ ಎಂದು ನಕ್ಕರು. ಒಂದು ದಿನವೂ ತಪ್ಪದಂತೆ ಮಾತ್ರೆ ಎಣಿಸಿಟ್ಟವರು ನನ್ನ ಯಜಮಾನರು. ಅವರಿಗೆ ಧನ್ಯವಾದ ಹೇಳಿದರೆ ಬೈಯುತ್ತಾರೆ, ಆದ್ದರಿಂದ ಇಲ್ಲಿ ಬರೆದಿದ್ದೇನೆ.

ಕೊನೆಯ ನಮಸ್ಕಾರ ವಾರ್ಡಿನ ಆಯಾ ಅವರಿಗೆ. ಡಬ್ಬಿ ಮುಕ್ಕಾಲು ತುಂಬಿದೊಡನೆ ಯಾರ ಅಪ್ಪಣೆಗೂ ಕಾಯದೆ ಈಗ ಅವರೇ ಬದಲಿಸುತ್ತಾರೆ.